ಫರಸಿ, ಗಡಿಗೆ, ಎರೆಮಣ್ಣು: ಊರಿನ ಸಾಮಾನಿನಲ್ಲೇ ಹೈಸ್ಕೂಲ್ ವಿಜ್ಞಾನದ ಪ್ರಯೋಗ

ಬೀದರ್‌ನ ಹೈಸ್ಕೂಲಿನಲ್ಲಿ ನೀರು ಕುದಿಸಿ ಥರ್ಮಾಮೀಟರ್ ಹಿಡಿದರೆ ಪಾದರಸ 100ಕ್ಕೆ ಮುಟ್ಟುವುದಿಲ್ಲ. 98ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಉರಿ ಎಷ್ಟು ಹೆಚ್ಚಿಸಿದರೂ ಅಲ್ಲಾಡುವುದಿಲ್ಲ. ಪುಸ್ತಕದಲ್ಲಿ 100 ಎಂದಿರುವುದರಿಂದ ಮಕ್ಕಳು ವಹಿಯಲ್ಲಿ 100 ಎಂದೇ ಬರೆಯುತ್ತಾರೆ. ಥರ್ಮಾಮೀಟರ್ ಕೆಟ್ಟಿದೆ ಎಂದು ಮಾಸ್ತರೂ ಹೇಳಿಬಿಡುತ್ತಾರೆ. ಆದರೆ ಅದು ತೋರಿಸಿದ್ದು ಸರಿಯಾದ ಅಳತೆ. ಬೀದರ್ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು 1 ಡಿಗ್ರಿ ಇಳಿಯುತ್ತದೆ. ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ನೀರು 98.5 ಡಿಗ್ರಿಗೆ ಕುದಿಯಬೇಕು, ಇನ್ನೂ ಕೆಳಗಿರುವ ಯಾದಗಿರಿಯಲ್ಲಿ 98.7ರ ಹತ್ತಿರ.

ಕಡಿಮೆ ಖರ್ಚಿನ ಪ್ರಯೋಗ ಎಂದರೆ ಬಾಟಲಿ, ಬಲೂನು, ಬಣ್ಣದ ನೀರು ಇಟ್ಟು ಮಕ್ಕಳಿಗೆ ಚಮತ್ಕಾರ ತೋರಿಸುವುದು ಎಂಬ ಭಾವನೆ ಬಲವಾಗಿದೆ. ಬರೀ ನೋಡಿ ಚಪ್ಪಾಳೆ ಹೊಡೆದರೆ ಅದು ಪ್ರಯೋಗವಾಗದು. ಅಳೆಯಬೇಕು, ಲೆಕ್ಕ ಹಾಕಬೇಕು, ಲೆಕ್ಕಕ್ಕೂ ಅಳತೆಗೂ ಎಷ್ಟು ವ್ಯತ್ಯಾಸ ಬಂತು, ಯಾಕೆ ಬಂತು ಎಂದು ಹುಡುಕಬೇಕು. ಇದಕ್ಕೆ ದುಬಾರಿ ಲ್ಯಾಬ್ ಬೇಡ. ಕಲಬುರಗಿ, ಬೀದರ್, ಯಾದಗಿರಿಯ ನೆಲದಲ್ಲೇ ಸಿಗುವ ಕಲ್ಲು, ಮಣ್ಣು, ಬೆಳೆ, ಬಿಸಿಲು ಸಾಕು. ಊರಿನ ವಸ್ತು ಇಟ್ಟು ಮಾಡಿದಾಗ ಬರುವ ಉತ್ತರವೂ ಆ ಊರಿನದೇ ಆಗಿರುತ್ತದೆ. ಯಾವ ಗೈಡಿನಿಂದಲೂ ಅದನ್ನು ನಕಲು ಮಾಡಲು ಬರುವುದಿಲ್ಲ.

ಖರೀದಿಸಲೇಬೇಕಾದ ವಸ್ತುಗಳು ಮೂರು: ಚಿನ್ನ-ಬೆಳ್ಳಿ ಅಂಗಡಿಯವರು ಬಳಸುವ, 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ. ಒಂದು ಸಾದಾ ಮಲ್ಟಿಮೀಟರ್. 110 ಡಿಗ್ರಿವರೆಗಿನ ಎರಡು ಥರ್ಮಾಮೀಟರ್. ಮೂರೂ ಕೆಲವೇ ನೂರು ರೂಪಾಯಿಯ ಬಾಬತ್ತುಗಳು. ಥರ್ಮಾಮೀಟರ್ ತಂದ ದಿನವೇ ಕರಗುತ್ತಿರುವ ಮಂಜುಗಡ್ಡೆಯ ಚೂರುಗಳಲ್ಲಿ ಐದು ನಿಮಿಷ ಇಟ್ಟು ನೋಡಬೇಕು. 0 ತೋರಿಸಬೇಕಾದದ್ದು 1 ತೋರಿಸಿದರೆ ಆ 1 ಡಿಗ್ರಿಯನ್ನು ಮುಂದಿನ ಎಲ್ಲ ಅಳತೆಗಳಿಂದ ಕಳೆಯಬೇಕು. ಕುದಿಯುವ ಬಿಂದು ನೋಡುವಾಗ ಬಲ್ಬ್ ಪಾತ್ರೆಯ ತಳಕ್ಕೆ ತಾಗಬಾರದು. ನೀರಿನ ಮೇಲ್ಮೈಗಿಂತ ತುಸು ಮೇಲೆ, ಹಬೆಯಲ್ಲಿರಬೇಕು. 1 ಡಿಗ್ರಿ ಗೆರೆಗಳ ಥರ್ಮಾಮೀಟರಿನಿಂದ ಕಲಬುರಗಿಗೂ ಯಾದಗಿರಿಗೂ ಇರುವ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ಆದರೆ ಬೀದರ್‌ನಲ್ಲಿ 100 ಬರುವುದಿಲ್ಲ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ.

ಶಹಾಬಾದ್ ಫರಸಿಯಲ್ಲಿ ಸುಣ್ಣ ಎಷ್ಟು?

ಶಾಲೆಯ ನೆಲ, ಮನೆಯ ಅಂಗಳ, ಬಸ್ ಸ್ಟ್ಯಾಂಡಿನ ಕಟ್ಟೆ, ಎಲ್ಲಿ ನೋಡಿದರೂ ಫರಸಿ. ಅದು ಸುಣ್ಣಕಲ್ಲು, ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಜೊತೆಗೆ ಜೇಡಿ ಮತ್ತು ಮರಳಿನ ಅಂಶ. ಕಾರ್ಬೊನೇಟ್ ಮತ್ತು ಆಮ್ಲ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ ಎಂಬ 10ನೇ ತರಗತಿಯ ಪಾಠಕ್ಕೆ ಇದಕ್ಕಿಂತ ಹತ್ತಿರದ ವಸ್ತು ಬೇರೆಯಿಲ್ಲ. ಗುಳ್ಳೆ ನೋಡಿ ಮುಗಿಸುವ ಬದಲು, ಈ ಕಲ್ಲಿನಲ್ಲಿ ಕಾರ್ಬೊನೇಟ್ ಶೇಕಡಾ ಎಷ್ಟಿದೆ ಎಂದು ಕೇಳಿ ನೋಡಿ.

ಲೆಕ್ಕ ಸರಳ. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 44 ಗ್ರಾಂ ಅನಿಲ ಹೊರಹೋಗುತ್ತದೆ. 2 ಗ್ರಾಂನಿಂದ 0.88 ಗ್ರಾಂ. ಎಷ್ಟು ತೂಕ ಕಡಿಮೆಯಾಯಿತು ಎಂದು ನೋಡಿದರೆ ಎಷ್ಟು ಕಾರ್ಬೊನೇಟ್ ಇತ್ತು ಎಂದು ತಿಳಿಯುತ್ತದೆ. ತೂಕ 0.70 ಗ್ರಾಂ ಇಳಿದಿದ್ದರೆ 0.70ನ್ನು 0.88ರಿಂದ ಭಾಗಿಸಿ, ಸುಮಾರು ಶೇ. 80.

ಮೊದಲ ತಪ್ಪು ಆಗುವುದು ಆಮ್ಲದ ಆಯ್ಕೆಯಲ್ಲಿ. ನಿಂಬೆರಸ ಹಾಕಿದರೆ ಆರಂಭದಲ್ಲಿ ಗುಳ್ಳೆ ಚೆನ್ನಾಗಿ ಬರುತ್ತವೆ, ಸ್ವಲ್ಪ ಹೊತ್ತಿಗೆ ನಿಂತುಬಿಡುತ್ತವೆ. ಕಲ್ಲು ಇನ್ನೂ ಉಳಿದಿದೆ, ಹುಳಿಯೂ ಉಳಿದಿದೆ, ಕ್ರಿಯೆ ಮಾತ್ರ ಇಲ್ಲ. ನಿಂಬೆಯ ಸಿಟ್ರಿಕ್ ಆಮ್ಲದಿಂದ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಅದು ಕಲ್ಲಿನ ಮೈಗೆ ಪೊರೆಯಂತೆ ಅಂಟಿಕೊಂಡು ಒಳಗಿನ ಕಲ್ಲಿಗೆ ಆಮ್ಲ ತಲುಪದಂತೆ ತಡೆಯುತ್ತದೆ. ಬ್ಯಾಟರಿ ಆಸಿಡ್ ಹಾಕಿದರೂ ಇದೇ ಕಥೆ: ಅಲ್ಲಿ ಜಿಪ್ಸಂ ಪೊರೆ. ಬ್ಯಾಟರಿ ಆಸಿಡ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಎರಡನ್ನೂ ಮಕ್ಕಳ ಕೈಗೆ ಕೊಡುವುದೇ ಬೇಡ. ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಸರಿಯಾದದ್ದು. ಅದರ ಅಸಿಟಿಕ್ ಆಮ್ಲದಿಂದ ಹುಟ್ಟುವ ಲವಣ ಪೂರ್ತಿ ಕರಗುತ್ತದೆ. ಬಾಟಲಿಯ ಮೇಲೆ ಶೇ. 4 ಎಂದಿದ್ದರೆ 2 ಗ್ರಾಂ ಕಲ್ಲಿಗೆ ಲೆಕ್ಕದ ಪ್ರಕಾರ 60 ಮಿ.ಲೀ. ಸಾಕು. ಆದರೆ ಆಮ್ಲ ಮುಗಿಯುತ್ತ ಬಂದಂತೆ ಕ್ರಿಯೆ ತೀರಾ ನಿಧಾನವಾಗುವುದರಿಂದ ಎರಡು ಪಟ್ಟು, 120 ಮಿ.ಲೀ. ಹಾಕಬೇಕು.

ಫರಸಿಯ ಚೂರನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ, ಕಲಬತ್ತಿನಲ್ಲಿ ಹಿಟ್ಟು ಮಾಡಿ. ಬಟ್ಟೆ ಸುತ್ತದೆ ಕುಟ್ಟಿದರೆ ಚೂರು ಕಣ್ಣಿಗೆ ಹಾರುತ್ತದೆ. ತುಂಡಾಗಿಯೇ ಹಾಕಿದರೆ ದಿನವಿಡೀ ಕಾಯಬೇಕಾಗುತ್ತದೆ, ಆಮ್ಲಕ್ಕೆ ತಾಗುವ ಮೈ ಕಡಿಮೆ. ಹಗುರ ಪ್ಲಾಸ್ಟಿಕ್ ಬಾಟಲಿಗೆ ವಿನೆಗರ್ ಹಾಕಿ, 2.00 ಗ್ರಾಂ ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಪಕ್ಕಕ್ಕಿಟ್ಟು, ಬಾಟಲಿ, ಪೊಟ್ಟಣ, ಬಾಯಿಗೆ ಇಡುವ ಹತ್ತಿ ಮೂರನ್ನೂ ಒಟ್ಟಿಗೆ ತೂಗಿ ಬರೆದುಕೊಳ್ಳಿ. ಪುಡಿಯನ್ನು ಸ್ವಲ್ಪಸ್ವಲ್ಪವೇ ಸುರಿಯಬೇಕು. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಹೊರಗೆ ಬೀಳುತ್ತದೆ, ಬಿದ್ದದ್ದೆಲ್ಲ ಅನಿಲದ ಲೆಕ್ಕಕ್ಕೆ ಸೇರುತ್ತದೆ. ಬಾಯಿಗೆ ಸಡಿಲವಾಗಿ ಹತ್ತಿ ಇಟ್ಟರೆ ಸಿಡಿಯುವ ಹನಿ ಅಲ್ಲೇ ಉಳಿಯುತ್ತದೆ, ಅನಿಲ ಹೊರಹೋಗುತ್ತದೆ. ಬಾಟಲಿಗೆ ಬಿರಡೆ ಹಾಕಿದರೆ ಒತ್ತಡ ಏರಿ ಸಿಡಿದೀತು, ಅದನ್ನು ಎಂದೂ ಮಾಡಬಾರದು.

ಬೆಳಗಿನ ಪ್ರಾರ್ಥನೆಗೂ ಮುಂಚೆ ಶುರುಮಾಡಿ ಬಿಸಿಯೂಟದ ಹೊತ್ತಿಗೆ ಕೊನೆಯ ತೂಕ ನೋಡಿದರೆ ಸರಿಹೋಗುತ್ತದೆ. 40 ನಿಮಿಷದ ಪಿರಿಯಡ್ಡಿನಲ್ಲಿ ಮುಗಿಸಲು ಹೋದರೆ ಉತ್ತರ ಕಡಿಮೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ತೂಕದ ಇಳಿಕೆ ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಎರಡು ಕಾರಣಗಳಿವೆ. ಒಂದು, ಕಾರ್ಬನ್ ಡೈಆಕ್ಸೈಡ್ ದ್ರವದಲ್ಲೇ ಕರಗಿ ಉಳಿಯುತ್ತದೆ, ಸೋಡಾದಲ್ಲಿ ಉಳಿದಂತೆ, 120 ಮಿ.ಲೀ.ನಲ್ಲಿ ಹೆಚ್ಚೆಂದರೆ 0.18 ಗ್ರಾಂವರೆಗೆ. ಇನ್ನೊಂದು, ಅದು ಗಾಳಿಗಿಂತ ಭಾರವಾದ್ದರಿಂದ ಬಾಟಲಿಯ ಖಾಲಿ ಭಾಗದಲ್ಲಿ ತುಂಬಿಕೊಂಡು ಕೂರುತ್ತದೆ. ಗುಳ್ಳೆ ನಿಂತ ಮೇಲೆ ಬಾಟಲಿಯನ್ನು ಐದು ನಿಮಿಷ ಮೆಲ್ಲಗೆ ಅಲ್ಲಾಡಿಸಿ, ಸೈಕಲ್ ಪಂಪಿಗೆ ತೆಳು ನಳಿಕೆ ಸಿಕ್ಕಿಸಿ ಬಾಟಲಿಯೊಳಗೆ ನಾಲ್ಕೈದು ಬಾರಿ ಮೆತ್ತಗೆ ಗಾಳಿ ಬಿಟ್ಟರೆ ಎರಡೂ ದೋಷ ಬಹುಮಟ್ಟಿಗೆ ಹೋಗುತ್ತವೆ. ಅಷ್ಟೇ ವಿನೆಗರ್ ಇರುವ, ಕಲ್ಲು ಹಾಕದ ಇನ್ನೊಂದು ಬಾಟಲಿಗೂ ಇದನ್ನೆಲ್ಲ ಮಾಡಿ. ಆ ಬಾಟಲಿಯ ತೂಕ ಎಷ್ಟು ಇಳಿಯಿತೋ ಅಷ್ಟು ಬರೀ ಆವಿಯಾದ ವಿನೆಗರ್; ಅದನ್ನು ಮೊದಲ ಬಾಟಲಿಯ ಇಳಿಕೆಯಿಂದ ಕಳೆಯಿರಿ. ಈ ಎರಡನೇ ಬಾಟಲಿಯನ್ನು ಬಿಡಲೇಬಾರದು. ಹೋಲಿಕೆಗೆ ಒಂದು ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ ಎಂಬ ಮಾತು ಮಕ್ಕಳಿಗೆ ಮನದಟ್ಟಾಗುವುದು ಇಲ್ಲಿಯೇ.

ತಾಳೆ ನೋಡಲು ಇನ್ನೊಂದು ದಾರಿಯೂ ಇದೆ. ತಳದಲ್ಲಿ ಕರಗದೆ ಉಳಿದ ಕೆಸರನ್ನು ಮೊದಲೇ ತೂಗಿಟ್ಟ ಒಣ ಫಿಲ್ಟರ್ ಕಾಗದದಲ್ಲಿ ಸೋಸಿ, ನೀರಿನಿಂದ ಎರಡು ಬಾರಿ ತೊಳೆದು, ಬಿಸಿಲಲ್ಲಿ ಒಣಗಿಸಿ ತೂಗಿ. 2 ಗ್ರಾಂನಲ್ಲಿ ಇದನ್ನು ಕಳೆದರೆ ಕರಗಿದ ಕಾರ್ಬೊನೇಟ್ ಸಿಗುತ್ತದೆ. ಎರಡು ದಾರಿಯ ಉತ್ತರಗಳು ಹತ್ತಿರ ಬಂದರೆ ಪ್ರಯೋಗ ನಂಬಬಹುದು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಸುಡುವುದೂ ಸುಣ್ಣಕಲ್ಲನ್ನೇ. ಆ ಗೂಡುಗಳಲ್ಲಿ ಆಮ್ಲದ ಬದಲು ಶಾಖ ಇದೇ 44 ಪಾಲು ಅನಿಲವನ್ನು ಹೊರಹಾಕುತ್ತದೆ.

ಹೊರಬಂದದ್ದು ಕಾರ್ಬನ್ ಡೈಆಕ್ಸೈಡೇ ಎಂದು ತೋರಿಸಲು ತಿಳಿ ಸುಣ್ಣದ ನೀರು ಬೇಕು. ಎಲೆ-ಅಡಿಕೆಗೆ ಹಚ್ಚುವ ಸುಣ್ಣ ಒಂದು ಚಮಚ, ನೀರು ಒಂದು ಲೀಟರ್, ಬಾಟಲಿಯ ಬಾಯಿಮಟ ತುಂಬಿ ಬಿರಡೆ ಬಿಗಿದು ರಾತ್ರಿಯಿಡೀ ಇಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಲೀಟರಿಗೆ ಒಂದೂವರೆ ಗ್ರಾಂನಷ್ಟೇ ಕರಗುತ್ತದೆ, ಆದ್ದರಿಂದ ಹೆಚ್ಚು ಸುಣ್ಣ ಹಾಕಿ ಪ್ರಯೋಜನವಿಲ್ಲ. ವರ್ಷಗಟ್ಟಲೆ ತೆರೆದಿಟ್ಟ ಗೋಡೆ ಬಳಿಯುವ ಸುಣ್ಣ ಕೆಲಸಕ್ಕೆ ಬಾರದು. ಗಾಳಿಯ ಅನಿಲವನ್ನೇ ಹೀರಿ ಅದು ಮತ್ತೆ ಸುಣ್ಣಕಲ್ಲಾಗಿರುತ್ತದೆ. ಅನಿಲ ಹಾಯಿಸಿದಾಗ ತಿಳಿನೀರು ಹಾಲಿನಂತಾಗಿ, ಹಾಯಿಸುತ್ತಲೇ ಇದ್ದರೆ ಪುನಃ ತಿಳಿಯಾಗುತ್ತದೆ. ತಿಳಿಯಾದದ್ದನ್ನು ಪ್ರಯೋಗ ಕೆಟ್ಟಿತು ಎಂದು ಚೆಲ್ಲಬೇಡಿ. ಕರಗುವ ಬೈಕಾರ್ಬೊನೇಟ್ ಆಗಿದೆ ಅಷ್ಟೇ. ಕಾಯಿಸಿದರೆ ಬಿಳುಪು ಹಿಂತಿರುಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರಕ್ಕೂ ಇದೇ ಕಾರಣ.

ಸೂಚಕವಾಗಿ ಅರಿಶಿನ ಎಲ್ಲರಿಗೂ ಗೊತ್ತು. ಅದು ಪ್ರತ್ಯಾಮ್ಲವನ್ನು ಮಾತ್ರ ತೋರಿಸುತ್ತದೆ, ಸುಣ್ಣ ತಾಗಿದರೆ ಕೆಂಪು. (ಕುಂಕುಮ ಮಾಡುವ ಹಳೆಯ ವಿಧಾನ ಇದೇ.) ಆಮ್ಲಕ್ಕೆ ಅರಿಶಿನ ಹಳದಿಯಾಗಿಯೇ ಇರುತ್ತದೆ, ಶುದ್ಧ ನೀರಿಗೂ ಹಾಗೆಯೇ. ಆಮ್ಲ ಗುರುತಿಸಲು ಕೆಂಪು ದಾಸವಾಳದ ಎಸಳಿನ ಬಿಸಿನೀರ ರಸ ಬೇಕು.

ಎರೆಮಣ್ಣು ಎಷ್ಟು ಉಬ್ಬುತ್ತದೆ?

ಎರೆಭೂಮಿಯಲ್ಲಿ ಕಟ್ಟಿದ ಮನೆಯ ಗೋಡೆ ಬಿರುಕು ಬಿಡುವುದನ್ನು ಇಲ್ಲಿನ ಪ್ರತಿ ಮಗುವೂ ನೋಡಿರುತ್ತದೆ. ಮಳೆಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ಹೋಗುವಷ್ಟು ಸೀಳುತ್ತದೆ. ಇದನ್ನು ಸಂಖ್ಯೆಯಲ್ಲಿ ಹೇಳಲು ಇಂಜಿನಿಯರುಗಳು ಬಳಸುವ ಪರೀಕ್ಷೆಯನ್ನು ಶಾಲೆಯಲ್ಲೇ ಮಾಡಬಹುದು. ಒಣಗಿಸಿ ಸೋಸಿದ ಮಣ್ಣು 10 ಗ್ರಾಂ ಒಂದು ಅಳತೆ ಜಾಡಿಗೆ, ಇನ್ನೊಂದು 10 ಗ್ರಾಂ ಮತ್ತೊಂದಕ್ಕೆ. ಒಂದಕ್ಕೆ 100 ಮಿ.ಲೀ. ಗೆರೆಯವರೆಗೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಎರಡನ್ನೂ ಕಲಕಿ ಗಾಳಿಗುಳ್ಳೆ ಬಿಡಿಸಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು 11 ಮಿ.ಲೀ.ಗೆ, ನೀರಿನಲ್ಲಿ 20ಕ್ಕೆ ನಿಂತಿದ್ದರೆ ಹೆಚ್ಚಿದ್ದು 9. 9ನ್ನು 11ರಿಂದ ಭಾಗಿಸಿದರೆ ಉಬ್ಬು ಶೇ. 82. 50ಕ್ಕಿಂತ ಕೆಳಗಿದ್ದರೆ ಕಡಿಮೆ ಉಬ್ಬುವ ಮಣ್ಣು, 100 ದಾಟಿದರೆ ಹೆಚ್ಚು ಉಬ್ಬುವ ಮಣ್ಣು ಎಂದು ಲೆಕ್ಕ.

ಸೀಮೆಎಣ್ಣೆ ಯಾಕೆ? ಎರೆಮಣ್ಣಿನ ಜೇಡಿ ಕಣ ಹಾಳೆಗಳ ಕಟ್ಟಿನಂತಿದೆ. ನೀರಿನ ಅಣುವಿನ ಎರಡು ತುದಿಗಳಲ್ಲಿ ವಿದ್ಯುದಾವೇಶ ಬೇರೆಬೇರೆ ಇರುವುದರಿಂದ ಅದು ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಸೀಮೆಎಣ್ಣೆಯ ಅಣುವಿಗೆ ಆ ಗುಣವಿಲ್ಲ. ಆದ್ದರಿಂದ ಆ ಜಾಡಿ ಉಬ್ಬದ ಮಣ್ಣಿನ ಗಾತ್ರ ತೋರಿಸುತ್ತದೆ. ಸೀಮೆಎಣ್ಣೆ ಸಿಗುವುದು ಈಗ ಕಷ್ಟ; ಪೇಂಟ್ ಅಂಗಡಿಯ ಟರ್ಪೆಂಟೈನ್ ಆದೀತು. ಎರಡೂ ಹೊತ್ತಿಕೊಳ್ಳುವಂಥವು, ಜಾಡಿಯನ್ನು ಗಾಳಿಯಾಡುವ ವರಾಂಡದಲ್ಲಿಡಿ, ಬಿಸಿಯೂಟದ ಅಡುಗೆಮನೆಯ ಹತ್ತಿರ ಬೇಡವೇ ಬೇಡ.

ಉತ್ತರ ಕೆಡುವುದು ಮೂರು ಕಡೆ. ಬಿಸಿಲಲ್ಲಿ ಒಣಗಿಸಿದ ಎರೆಮಣ್ಣು ಕೈಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದುಕೊಂಡಿರುತ್ತದೆ, ಅಂದರೆ ಅರ್ಧ ಉಬ್ಬಿಯೇ ಬಂದಿರುತ್ತದೆ. ತವೆಯ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಒಣಗಿಸಿ, ತೂಕ ಇಳಿಯುವುದು ನಿಲ್ಲುವವರೆಗೂ. ಜರಡಿ ದಪ್ಪವಾದರೆ ಗಂಟು ಉಳಿದು ನೀರು ಒಳಗೆ ಹೋಗುವುದಿಲ್ಲ. ಮೈದಾ ಜರಡಿಯೋ ಹಳೆಯ ಧೋತರದ ಬಟ್ಟೆಯೋ ಬೇಕು. ಮೂರನೆಯದು ಹೆಚ್ಚಿನವರಿಗೆ ಹೊಳೆಯದ್ದು: ಬೋರ್‌ವೆಲ್‌ನ ಗಡಸು ನೀರು ಬಳಸಿದರೆ ಉಬ್ಬು ಕಡಿಮೆ ಬರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಜೇಡಿಯ ಹಾಳೆಗಳನ್ನು ಹಿಡಿದಿಡುತ್ತದೆ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಬಳಸಿ. ಅದರಲ್ಲಿ ಜೇಡಿ ಬೇಗ ತಳಕ್ಕೆ ಕೂರದೆ ನೀರು ಮಬ್ಬಾಗಿಯೇ ಇರಬಹುದು, ಆಗ ಇನ್ನೂ ಒಂದು ದಿನ ಕಾಯಿರಿ. ಎರಡು ಬಗೆಯ ನೀರಿನಲ್ಲೂ ಮಾಡಿ ಹೋಲಿಸಿದರೆ ಅದೇ ಇನ್ನೊಂದು ಪಾಠ.

ಬೀದರ್ ಕಡೆಯ ಶಾಲೆಗಳು ಎರೆಮಣ್ಣಿನ ಪಕ್ಕದಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣನ್ನೂ ಇಡಲಿ. ಅದು ಹೇಳಿಕೊಳ್ಳುವಷ್ಟು ಉಬ್ಬುವುದಿಲ್ಲ, ನೀರನ್ನು ಇಳಿಯಗೊಡುತ್ತದೆ. ಮೇಲೆ ನೀರು ಬಿಡುವ ಜಂಬಿಟ್ಟಿಗೆ, ಕೆಳಗೆ ತಡೆಯುವ ಕರಿಕಲ್ಲು ಇರುವುದರಿಂದಲೇ ಬೀದರ್ ಪಕ್ಕದ ನೌಬಾದಿನಲ್ಲಿ ಬಹಮನಿ ಕಾಲದವರು ಕಾರೇಜ್ ಎಂಬ ಸುರಂಗ ಬಾವಿ ತೋಡಿ ನೀರು ಹರಿಸಿದರು. ಮಣ್ಣಿನ ಪಾಠ ಮುಗಿದ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಕಾರೇಜ್ ಅವರಿಗೆ ಬೇರೆಯಾಗಿಯೇ ಕಾಣುತ್ತದೆ.

ಗಡಿಗೆಯ ತಂಪಿಗೆ ತೂಕ

ಗಡಿಗೆಯ ನೀರು ತಣ್ಣಗಾಗುವುದು ಆವಿಯಾಗುವುದರಿಂದ ಎಂದು 9ನೇ ತರಗತಿಯಲ್ಲಿ ಹೇಳುತ್ತೇವೆ. ಎಷ್ಟು ನೀರು ಆವಿಯಾಗಬೇಕು? 3 ಲೀಟರ್ ನೀರು 36ರಿಂದ 26 ಡಿಗ್ರಿಗೆ ಇಳಿಯಲು 3 × 4.2 × 10, ಅಂದರೆ 126 ಕಿಲೋಜೂಲ್ ಶಾಖ ಹೋಗಬೇಕು. 1 ಗ್ರಾಂ ನೀರು ಆವಿಯಾಗುವಾಗ ಸುಮಾರು 2.4 ಕಿಲೋಜೂಲ್ ಒಯ್ಯುತ್ತದೆ. ಭಾಗಿಸಿದರೆ ಸುಮಾರು 52 ಗ್ರಾಂ. ಇಡೀ ಗಡಿಗೆಯನ್ನು ತಂಪು ಮಾಡಲು ಒಂದು ಸಣ್ಣ ಲೋಟದಷ್ಟೂ ನೀರು ಬೇಡ!

ತೂಗಿ ನೋಡಿದರೆ ಇದಕ್ಕಿಂತ ಹೆಚ್ಚೇ ಕಳೆದಿರುತ್ತದೆ. ಹೊರಗಿನ ಬಿಸಿ ಗಾಳಿ ಗಡಿಗೆಗೆ ಸತತವಾಗಿ ಶಾಖ ತುಂಬುತ್ತಿರುತ್ತದೆ, ಅದನ್ನು ಹೊರಹಾಕಲೂ ನೀರು ಖರ್ಚಾಗುತ್ತದೆ. ಈ ಅಂತರವನ್ನು ಮಕ್ಕಳೇ ಕಂಡು ಕಾರಣ ಹುಡುಕಬೇಕು, ಮೊದಲೇ ಹೇಳಿಬಿಡಬಾರದು.

ಒಂದೇ ಅಳತೆಯ ಎರಡು ಹೊಸ ಗಡಿಗೆ ತನ್ನಿ. ಒಂದರ ಹೊರಮೈಗೆ ಪೂರ್ತಿ ಎಣ್ಣೆಬಣ್ಣ ಬಳಿದು ಒಣಗಿಸಿ. ಎರಡನ್ನೂ ಹಿಂದಿನ ರಾತ್ರಿ ನೀರು ತುಂಬಿ ನೆನೆಸಿಡಬೇಕು. ಒಣ ಗಡಿಗೆಯ ಮಣ್ಣು ತಾನೇ ನೀರು ಕುಡಿಯುವುದರಿಂದ ಒಳಗಿನ ಮಟ್ಟ ಇಳಿದು, ಅದನ್ನು ಆವಿ ಎಂದು ತಪ್ಪು ತಿಳಿಯುವ ಸಂಭವವಿದೆ. ಬೆಳಿಗ್ಗೆ 10ಕ್ಕೆ ನೀರು ಬದಲಿಸಿ, ಎರಡಕ್ಕೂ 3 ಲೀಟರ್ ಅಳೆದು ಹಾಕಿ, ಬಿಸಿಯೂಟದ ಅಕ್ಕಿ-ಬೇಳೆ ತೂಗುವ ತಕ್ಕಡಿಯಲ್ಲಿ ತೂಗಿ, ನೆರಳಲ್ಲಿ ಗಾಳಿ ಆಡುವ ಕಡೆ ಇಟ್ಟಿಗೆಯ ಮೇಲಿಡಿ. ಗಂಟೆಗೊಮ್ಮೆ ತೂಕ, ಉಷ್ಣತೆ. ಥರ್ಮಾಮೀಟರ್ ಇಡುವ ಮುಂಚೆ ನೀರನ್ನು ಕಲಕಬೇಕು, ಮೇಲಿನ ನೀರು ಕೆಳಗಿನದಕ್ಕಿಂತ ಬಿಸಿಯಿರುತ್ತದೆ.

ಗಡಿಗೆ ಎಷ್ಟರವರೆಗೆ ತಣ್ಣಗಾಗಬಲ್ಲದು ಎಂಬುದಕ್ಕೆ ಮಿತಿಯಿದೆ. ಎರಡನೇ ಥರ್ಮಾಮೀಟರಿನ ಬಲ್ಬಿಗೆ ತೆಳು ಹತ್ತಿ ಬಟ್ಟೆ ಸುತ್ತಿ ಒದ್ದೆ ಮಾಡಿ, ಪುಸ್ತಕದಿಂದ ಗಾಳಿ ಬೀಸಿದರೆ ಅದು ಇಳಿಯುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಯಾವ ಗಡಿಗೆಯೂ ಇಳಿಯದು. ಮಾರ್ಚ್–ಏಪ್ರಿಲ್‌ನ ಒಣ ಮಧ್ಯಾಹ್ನ ಒಣ ಬಲ್ಬಿಗೂ ಒದ್ದೆ ಬಲ್ಬಿಗೂ 15 ಡಿಗ್ರಿಯವರೆಗೆ ಅಂತರ ಬರಬಹುದು. ಮಳೆಗಾಲದ ತೇವದ ದಿನ 4–5 ಬಂದರೆ ಹೆಚ್ಚು. ಜುಲೈಯಲ್ಲಿ ಈ ಪ್ರಯೋಗಕ್ಕೆ ಕೈಹಾಕಿದರೆ ಎರಡು ಗಡಿಗೆಗಳ ನಡುವೆ ವ್ಯತ್ಯಾಸವೇ ಕಾಣದೆ ನಿರಾಸೆಯಾಗುತ್ತದೆ. ಮನೆಯ ಹಳೆಯ ಗಡಿಗೆಯೂ ಬೇಡ: ಗಡಸು ನೀರಿನ ಲವಣ ಕೂತು ಅದರ ರಂಧ್ರಗಳು ಮುಚ್ಚಿರುತ್ತವೆ.

ತೊಗರಿಯ ಬೇರು

ತೊಗರಿಯ ನಾಡಿನಲ್ಲಿ ಬೇರುಗಂಟಿನ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸುವುದು ಸರಿಯಲ್ಲ. ಜೂನ್–ಜುಲೈನಲ್ಲಿ ಬಿತ್ತಿದ ಹೊಲಕ್ಕೆ 45ರಿಂದ 60 ದಿನ ತುಂಬಿದಾಗ ಹೋಗಬೇಕು. ಗಿಡವನ್ನು ಹಿಡಿದು ಎಳೆದರೆ ಎರೆಮಣ್ಣು ಗಂಟುಗಳನ್ನು ಕಿತ್ತು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಕೈಗೆ ಬರೀ ಬೇರು ಬರುತ್ತದೆ. ಗಿಡದ ಸುತ್ತ ಒಂದು ಗೇಣು ಬಿಟ್ಟು, ಸುಮಾರು 30 ಸೆಂ.ಮೀ. ಆಳಕ್ಕೆ ಗುದ್ದಲಿ ಹಾಕಿ, ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಒಂದು ಗಂಟೆ ನೆನೆಸಿ. ಮಣ್ಣು ತಾನಾಗಿ ಬಿಡುತ್ತದೆ.

ಗಂಟುಗಳನ್ನು ಎಣಿಸಿ, ಬ್ಲೇಡಿನಿಂದ ಸೀಳಿ ಒಳಗಿನ ಬಣ್ಣ ನೋಡಬೇಕು. ಗುಲಾಬಿ-ಕೆಂಪು ಇದ್ದರೆ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಆ ಕೆಂಪಿಗೆ ಕಾರಣ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧುವಾದ ಲೆಗ್‌ಹಿಮೋಗ್ಲೋಬಿನ್. ಹಸಿರು ಅಥವಾ ಕಂದು ಆಗಿದ್ದರೆ ಕೆಲಸ ನಿಂತಿದೆ. ನೀರು ನಿಂತ ತಗ್ಗಿನ ಗಿಡ, ಯೂರಿಯಾ ಹೆಚ್ಚು ಬಿದ್ದ ಸಾಲಿನ ಗಿಡ, ಸಾಮಾನ್ಯ ಗಿಡ, ಮೂರನ್ನೂ ತಂದು ಎಣಿಕೆ ಹೋಲಿಸಲಿ. ಪಕ್ಕದ ಜೋಳದ ಬೇರಿನಲ್ಲಿ ಒಂದೂ ಸಿಗುವುದಿಲ್ಲ. ಒಂದು ಮೋಸ ಗೊತ್ತಿರಲಿ: ಜಂತುಹುಳು ಬಿದ್ದ ಬೇರಿನಲ್ಲೂ ಗಂಟುಗಳಿರುತ್ತವೆ. ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾದ ಗಂಟು ಬೇರಿನ ಪಕ್ಕಕ್ಕೆ ಅಂಟಿದ ಮಣಿಯಂತಿದ್ದು ಉಗುರಿನಿಂದ ತಳ್ಳಿದರೆ ಉದುರುತ್ತದೆ. ಹುಳುವಿನ ಗಂಟು ಬೇರೇ ಊದಿಕೊಂಡದ್ದು, ಬೇರು ಹರಿಯದೆ ಬಿಡಿಸಿಕೊಳ್ಳುವುದಿಲ್ಲ. ಹೊಲದ ರೈತರನ್ನು ಕೇಳಿಯೇ ಗಿಡ ತೆಗೆಯಬೇಕು ಎಂಬುದನ್ನು ಹೇಳಬೇಕಾಗಿಲ್ಲ.

ವಿದ್ಯುತ್ತಿನ ಪಾಠಕ್ಕೆ ಹೆಚ್ಚು ಹೇಳುವುದಿಲ್ಲ. ಸತುವು ಮತ್ತು ತಾಮ್ರ ಬೀದರ್‌ಗೆ ಹೊಸದಲ್ಲ. ಬಿದರಿ ಪಾತ್ರೆಯ ಲೋಹ ಬಹುಪಾಲು ಸತುವು, ಜೊತೆಗೆ ಸ್ವಲ್ಪ ತಾಮ್ರ. ಹುಣಸೆಹುಳಿಯ ನೀರಿಗೆ ಉಪ್ಪು ಹಾಕಿ, ಸತುವಿನ ಲೇಪವಿರುವ ಜಿ.ಐ. ತಗಡಿನ ಪಟ್ಟಿ ಮತ್ತು ಸುಲಿದ ವಯರಿನ ತಾಮ್ರ ಅದ್ದಿದರೆ ಒಂದು ಲೋಟಕ್ಕೆ 0.9ರಿಂದ 1 ವೋಲ್ಟ್ ಬರುತ್ತದೆ. ಕೆಂಪು ಎಲ್‌ಇಡಿಗೆ 1.8 ಬೇಕು, ಎರಡು ಲೋಟ ಸಾಕು ಎನಿಸುತ್ತದೆ, ಆದರೆ ಹೊತ್ತುವುದಿಲ್ಲ. ಎಲ್‌ಇಡಿ ಜೋಡಿಸಿದ ಕೂಡಲೇ ಲೋಟದ ಒಳಗಿನ ತಡೆಯಿಂದ ವೋಲ್ಟ್ ಕುಸಿಯುತ್ತದೆ. ಮಲ್ಟಿಮೀಟರ್ ಹಿಡಿದು ಜೋಡಿಸುವ ಮುಂಚೆ, ಜೋಡಿಸಿದ ಮೇಲೆ ಎರಡೂ ಅಳೆದರೆ ಆಂತರಿಕ ರೋಧ ಕಣ್ಣಿಗೆ ಬೀಳುತ್ತದೆ. ಪಟ್ಟಿಗಳನ್ನು ಅಗಲ ಮಾಡಿ, ಹತ್ತಿರ ತಂದು, ನಾಲ್ಕು ಲೋಟ ಸರಣಿಯಲ್ಲಿ ಜೋಡಿಸಿದರೆ ನೆರಳಿನಲ್ಲಿ ಮಂದ ಬೆಳಕು ಕಂಡೀತು. ಶಕ್ತಿ ಬರುವುದು ಹುಳಿಯಿಂದಲ್ಲ, ಕರಗುವ ಸತುವಿನಿಂದ. ಎರಡೂ ಕಡೆ ತಾಮ್ರವನ್ನೇ ಇಟ್ಟರೆ ಮೀಟರ್ ಸುಮ್ಮನಿರುತ್ತದೆ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಯಾವ ಪ್ರಯೋಗಕ್ಕೂ ಮುಟ್ಟಬಾರದು. ನೀರಿನ ವಿದ್ಯುದ್ವಿಭಜನೆಗೆ ಅಡುಗೆ ಉಪ್ಪು ಹಾಕಬಾರದು, ಕ್ಲೋರಿನ್ ಬರುತ್ತದೆ. ಅಡುಗೆ ಸೋಡಾ ಹಾಕಿ.

ಬೀದರ್–ಯಾದಗಿರಿ ನಡುವೆ ಭೂಮಿಯ ಸುತ್ತಳತೆ

ಎರಡು ಊರುಗಳ ಮಧ್ಯಾಹ್ನದ ನೆರಳಿನಿಂದ ಭೂಮಿಯ ಸುತ್ತಳತೆ ಕಂಡವನು ಸುಮಾರು 2,200 ವರ್ಷಗಳ ಹಿಂದಿನ ಎರಟೋಸ್ತನೀಸ್. ನಮ್ಮ ಮೂರು ಜಿಲ್ಲಾ ಕೇಂದ್ರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಬೀದರ್ 17.91 ಡಿಗ್ರಿ ಉತ್ತರ ಅಕ್ಷಾಂಶ, ಕಲಬುರಗಿ 17.33, ಯಾದಗಿರಿ 16.77. ಬೀದರ್ ಮತ್ತು ಯಾದಗಿರಿ ಬಹುತೇಕ ಒಂದೇ ಉತ್ತರ-ದಕ್ಷಿಣ ಗೆರೆಯಲ್ಲಿವೆ.

ಕೋಲು ನೆಟ್ಟು ನೆರಳು ಅಳೆದರೆ ಆಗದು. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. 1 ಮೀಟರ್ ಕೋಲಿನ ನೆರಳಿನ ತುದಿ 1 ಸೆಂ.ಮೀ.ಗೂ ಹೆಚ್ಚು ಮಬ್ಬಾಗಿರುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೇ 3–4 ಸೆಂ.ಮೀ. ಆದ್ದರಿಂದ ದಪ್ಪ ರಟ್ಟಿನಲ್ಲಿ 4 ಮಿ.ಮೀ. ತೂತು ಮಾಡಿ, ಅದನ್ನು ನೆಲದಿಂದ ಸರಿಯಾಗಿ 100 ಸೆಂ.ಮೀ. ಎತ್ತರದಲ್ಲಿ ಸ್ಟೂಲಿನ ಅಂಚಿನಿಂದ ಹೊರಚಾಚಿ ಕಟ್ಟಿ. ನೆಲದ ಮೇಲೆ ಮೊಟ್ಟೆಯಾಕಾರದ ಬೆಳಕಿನ ಚುಕ್ಕೆ ಬೀಳುತ್ತದೆ, ಅದೇ ಸೂರ್ಯನ ಬಿಂಬ. ಅದರ ನಡುವನ್ನು ಪೆನ್ಸಿಲಿನಿಂದ ಗುರುತಿಸಬಹುದು. ತೂತಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟರೆ ಅದು ತಾಗುವ ಜಾಗವೇ ಅಳತೆಯ ಶುರು.

ಎಲ್ಲಕ್ಕಿಂತ ದೊಡ್ಡ ದೋಷ ನೆಲದ್ದು. ಫರಸಿ ಹಾಸಿದ ವರಾಂಡಕ್ಕೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. 1 ಮೀಟರಿಗೆ 1 ಸೆಂ.ಮೀ. ಇಳಿಜಾರಿದ್ದರೂ ಅಳತೆ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ಗೌಂಡಿಯವರ ಲೆವೆಲ್ ಪೈಪಿನಲ್ಲಿ ನೀರು ತುಂಬಿ ನೋಡಿ, ಹಲಗೆಯೊಂದನ್ನು ಚಕ್ಕೆ ಕೊಟ್ಟು ಮಟ್ಟ ಮಾಡಿ ಅದರ ಮೇಲೆಯೇ ಅಳೆಯಬೇಕು. 100 ಸೆಂ.ಮೀ. ಎಂಬುದೂ ಆ ಹಲಗೆಯಿಂದಲೇ.

ಮಧ್ಯಾಹ್ನ ಎಂದರೆ ಗಡಿಯಾರದ 12 ಅಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದರ ಪಶ್ಚಿಮಕ್ಕಿದ್ದೇವೆ. ಡಿಸೆಂಬರ್ 22ರ ಸುಮಾರಿಗೆ ಸೂರ್ಯ ನೆತ್ತಿಯ ಗೆರೆ ದಾಟುವುದು ಬೀದರ್‌ನಲ್ಲಿ 12:18, ಯಾದಗಿರಿಯಲ್ಲಿ 12:20, ಕಲಬುರಗಿಯಲ್ಲಿ 12:21ರ ಹತ್ತಿರ. 12ರಿಂದ 12:40ರವರೆಗೆ ಐದು ನಿಮಿಷಕ್ಕೊಂದು ಗುರುತು ಹಾಕಿ ಅತಿ ಚಿಕ್ಕದನ್ನು ಆರಿಸಿಕೊಳ್ಳಿ. ತೂತಿನೊಳಗಿಂದ ಯಾರೂ ಸೂರ್ಯನನ್ನು ನೋಡಕೂಡದು, ಬೆಳಕಿನ ಚುಕ್ಕೆಯನ್ನಷ್ಟೇ ನೋಡಬೇಕು.

ಆ ದಿನ ಬೀದರ್‌ನಲ್ಲಿ 88.0 ಸೆಂ.ಮೀ., ಕಲಬುರಗಿಯಲ್ಲಿ 86.2, ಯಾದಗಿರಿಯಲ್ಲಿ 84.5ರ ಸುತ್ತ ಬರಬೇಕು. 0.880ಕ್ಕೆ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ವಿಲೋಮ ಒತ್ತಿದರೆ 41.35 ಡಿಗ್ರಿ, 0.845ಕ್ಕೆ 40.2. ಅಂತರ ಸುಮಾರು 1.15. ಎರಡು ಊರಿನ ನಡುವಿನ ಉತ್ತರ-ದಕ್ಷಿಣ ದೂರ ಸುಮಾರು 126 ಕಿ.ಮೀ. 360ನ್ನು 1.15ರಿಂದ ಭಾಗಿಸಿ 126ರಿಂದ ಗುಣಿಸಿದರೆ 40,000 ಕಿ.ಮೀ.ಗೆ ಹತ್ತಿರ. ದೂರವನ್ನು ನಕ್ಷೆಯ ಸ್ಕೇಲಿನಿಂದ ಅಳೆಯಬೇಕು. ಬಸ್ ಓಡುವ ಕಿ.ಮೀ. ತೆಗೆದುಕೊಂಡರೆ ರಸ್ತೆಯ ತಿರುವೆಲ್ಲ ಸೇರಿಕೊಳ್ಳುತ್ತದೆ. ಅಕ್ಷಾಂಶದಿಂದ ದೂರ ಲೆಕ್ಕ ಹಾಕಿದರೆ ಉತ್ತರವನ್ನು ಮೊದಲೇ ಒಳಗಿಟ್ಟುಕೊಂಡು ಹುಡುಕಿದಂತಾಗುತ್ತದೆ. ಎರಡೂ ಕಡೆ 1 ಮಿ.ಮೀ. ವಿರುದ್ಧ ದಿಕ್ಕಿಗೆ ತಪ್ಪಿದರೆ ಉತ್ತರ ಸುಮಾರು ಶೇ. 6, ಅಂದರೆ 2,300 ಕಿ.ಮೀ.ನಷ್ಟು ಆಚೀಚೆ ಹೋಗುತ್ತದೆ. ಅಷ್ಟು ಬಂದರೂ ಅದು ಒಳ್ಳೆಯ ಅಳತೆ.

ಇದನ್ನು ಮಾರ್ಚ್ 21 ಅಥವಾ ಸೆಪ್ಟೆಂಬರ್ 23ಕ್ಕೇ ಮಾಡಬೇಕೆಂಬ ರೂಢಿಯಿದೆ. ಆ ಕಟ್ಟುಪಾಡು ಬೇಕಿಲ್ಲ. ಎರಡು ಊರಿನವರೂ ಒಂದೇ ದಿನ ಅಳೆದರೆ ಯಾವ ದಿನವಾದರೂ ಸರಿ. ಆದರೆ ಸೆಪ್ಟೆಂಬರಿನಲ್ಲಿ ಮೋಡ, ಮಾರ್ಚಿನಲ್ಲಿ ಪರೀಕ್ಷೆ. ಆ ತಿಂಗಳುಗಳಲ್ಲಿ ಊರುಗಳ ನಡುವಿನ ವ್ಯತ್ಯಾಸವೂ ಎರಡೇ ಸೆಂ.ಮೀ. ಡಿಸೆಂಬರಿನಲ್ಲಿ ಆಕಾಶ ತಿಳಿ, ವ್ಯತ್ಯಾಸ ಮೂರೂವರೆ ಸೆಂ.ಮೀ. ಇನ್ನೊಂದು ಅನುಕೂಲವೂ ಇದೆ: ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ದಿನಕ್ಕೆ 0.4 ಡಿಗ್ರಿ ಸರಿಯುವುದರಿಂದ ಒಬ್ಬರು ಒಂದು ದಿನ ತಡಮಾಡಿದರೂ ಲೆಕ್ಕ ಕೆಡುತ್ತದೆ. ಡಿಸೆಂಬರ್ 21–22ರ ನಡುವೆ ಅದು 0.01 ಡಿಗ್ರಿಯೂ ಸರಿಯುವುದಿಲ್ಲ. ಯಾದಗಿರಿಯಲ್ಲಿ ಒಂದು ದಿನ ಮೋಡ ಕವಿದರೆ ಅವರು ಮರುದಿನ ಅಳೆದು ಫೋನಿನಲ್ಲಿ ತಿಳಿಸಿದರೂ ಬೀದರ್‌ನವರ ಅಳತೆ ವ್ಯರ್ಥವಾಗುವುದಿಲ್ಲ.